ಎರಡು ಎಡತೋಳಿನ ಕೋಟು

ನಮ್ಮ ಬೀದಿಯ ತಿರುವಿನಲ್ಲಿರುವ ಹೊಲಿಗೆ ಅಂಗಡಿಯ ಚಿಕ್ಕಕ್ಕನನ್ನು ಬಹಳ ಜನ ಮೂಗಿಯೆಂದೇ ತಿಳಿದಿದ್ದರು. ಕೆಲವರು ಕೈಸನ್ನೆ ಮಾಡಿ ಅಳತೆ ಹೇಳುತ್ತಿದ್ದರು. ಇನ್ನು ಕೆಲವರು, ಪಾಪ, ಕಿವಿಯೂ ಕೇಳಿಸದೇನೋ ಎಂದು ಬಾಗಿಲಿನಿಂದಲೇ ಕಿರುಚುತ್ತಿದ್ದರು. ಚಿಕ್ಕಕ್ಕ ಯಾರ ಮೇಲೂ ಮುನಿಸಿಕೊಳ್ಳದೆ ತಲೆಯಾಡಿಸುತ್ತಿದ್ದರು. ಮಾತಾಡೋಣವೆಂದರೆ ಅವರ ತುಟಿಗಳ ನಡುವೆ ಯಾವಾಗಲೂ ನಾಲ್ಕೈದು ಗುಂಡುಸೂಜಿಗಳು ಇದ್ದೇ ಇರುತ್ತಿದ್ದವು.

ಅಂಗಡಿ ಇಬ್ಬರದು. ದೊಡ್ಡಕ್ಕ, ಚಿಕ್ಕಕ್ಕ ಎಂದು ಬೀದಿಯವರು ಕರೆಯುವ ಇವರು ಓರಗಿತ್ತಿಯರು. ದೂರದಿಂದ ಬಂದ ಕುಟುಂಬ. ಅವರ ಮನೆಮಾತೇ ಬೇರೆ, ನಮ್ಮ ಊರಮಾತೇ ಬೇರೆ. ದೊಡ್ಡಕ್ಕ ಬಂದ ವರ್ಷವೇ ಊರಮಾತನ್ನು ತಪ್ಪೋ ಒಪ್ಪೋ ಆಡತೊಡಗಿ ಗಿರಾಕಿಗಳ ಎದುರು ನಿಂತರು. ಐದು ವರ್ಷ ತಡವಾಗಿ ಮದುವೆಯಾಗಿ ಬಂದ ಚಿಕ್ಕಕ್ಕ ಮಾತನ್ನು ಅವರಿಗೇ ಬಿಟ್ಟು ಕತ್ತರಿ ಹಿಡಿದರು. ಹಾಗೆಯೇ ಹದಿನೆಂಟು ವರ್ಷ ಕಳೆಯಿತು.

ನಿವೃತ್ತನಾದ ಮೇಲೆ ನಾನು ವಾಚನಾಲಯದ ಮಹಡಿಯ ಮೇಲೆ, ಬೇರೆ ಮಾತಿನಿಂದ ಬಂದ ದೊಡ್ಡವರಿಗೆ ವಾರಕ್ಕೆರಡು ಸಂಜೆ ಊರಮಾತು ಹೇಳಿಕೊಡುತ್ತಿದ್ದೆ. ಒಂದು ದಿನ ದೊಡ್ಡಕ್ಕ ಚಿಕ್ಕಕ್ಕನ ರಟ್ಟೆ ಹಿಡಿದು ಮೆಟ್ಟಿಲು ಹತ್ತಿಸಿಕೊಂಡು ಬಂದರು.

"ಮೇಷ್ಟ್ರೇ, ಇವಳ ಬಾಯಿ ಬಿಡಿಸಿ ಕೊಡಿ. ಇನ್ನು ಮೂರು ತಿಂಗಳಿಗೆ ನಾನು ಮಗಳ ಊರಿಗೆ ಹೊರಟೆ. ಆಮೇಲೆ ಅಲ್ಲೇ. ಗಿರಾಕಿ ಹತ್ರ ಮಾತಾಡೋರು ಯಾರು? ಇವಳ ಕೈಲಾಗಲ್ಲ ಅಂದ್ರೆ ಮಿಷನ್ನುಗಳನ್ನ ಯಾರಿಗಾದ್ರೂ ಕೊಟ್ಟು ಅಂಗಡಿ ಬಾಗಿಲು ಹಾಕ್ಬೇಕು."

"ಬಾಗಿಲು ಹಾಕಿದ್ರೆ ಇವರೇನು ಮಾಡ್ತಾರೆ?"

"ನಾನೂ ಅದನ್ನೇ ಕೇಳಿದೆ. ಗೋಳೋ ಅಂತ ಅತ್ತಳು. ಅಳೋದಕ್ಕೆ ಯಾವ ಭಾಷೇನೂ ಬೇಕಾಗಲ್ಲ ನೋಡಿ."

ಮೊದಲ ದಿನ ಎಲ್ಲರಿಗೂ ಒಂದು ಪುಟ ಬರೆಯಲು ಕೊಡುವುದು ನನ್ನ ರೂಢಿ. ಚಿಕ್ಕಕ್ಕನ ಹಾಳೆ ನೋಡಿ ನಾನು ಕನ್ನಡಕ ಒರೆಸಿಕೊಂಡೆ. ಎರಡು ಸಣ್ಣ ತಪ್ಪು, ಅಷ್ಟೇ. ಹದಿನೆಂಟು ವರ್ಷ ಮಿಷನ್ನಿನ ಹಿಂದೆ ಕುಳಿತು ಕೇಳಿದ ಮಾತೆಲ್ಲ ಅವರೊಳಗೆ ಮಡಿಕೆ ಮುರಿಯದ ಬಟ್ಟೆಯಂತೆ ಇತ್ತು. ಬೀದಿಯ ಫಲಕಗಳು, ಹಳೆಯ ಪತ್ರಿಕೆಗಳು, ಬಟ್ಟೆ ಸುತ್ತಿ ಬಂದ ಕಾಗದ ಎಲ್ಲವನ್ನೂ ಓದಿ ಅಕ್ಷರ ಕಲಿತಿದ್ದರಂತೆ. ಇಷ್ಟಿದ್ದೂ, "ನಿನ್ನೆ ಏನು ಮಾಡಿದಿರಿ ಹೇಳಿ" ಎಂದೊಡನೆ ಅವರ ಕಣ್ಣು ಸೂರಿಗೆ ಏರಿತು, ಕೈ ತುಟಿಗೆ ಹೋಯಿತು. ಅಲ್ಲಿ ಸೂಜಿ ಇರಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ನಲ್ಲಿ ರಿಪೇರಿಯವನನ್ನು ನಾನು ಕೇಳಿ, ಅವನ ಆಚೆಯವಳನ್ನೂ ಕೇಳಿ ಮುಗಿಸಿದ ಮೇಲೆ ಚಿಕ್ಕಕ್ಕನ ಬಾಯಿಂದ ಒಂದು ವಾಕ್ಯ ಬಂತು. ನಾನು ಮೂರು ಕಡೆ ತಿದ್ದಿದೆ. ಮೂವತ್ತೆಂಟು ವರ್ಷ ಮಕ್ಕಳನ್ನು ತಿದ್ದಿದ ನಾಲಿಗೆ, ಕೇಳಬೇಕಲ್ಲ! ಮುಂದಿನ ವಾರ ಅವರು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ.

ಸೊಂಟ ಬಿಗಿಯಾದ ಹಳೆಯ ಪ್ಯಾಂಟೊಂದನ್ನು ನೆಪಕ್ಕೆ ಹಿಡಿದು ನಾನೇ ಅಂಗಡಿಗೆ ಹೋದೆ. ಎರಡು ಮಿಷನ್ನು, ಕತ್ತರಿಸುವ ಉದ್ದ ಮೇಜು, ಮೂರು ಮಗ್ಗುಲಿನ ಕನ್ನಡಿ, ಗೋಡೆಯ ಮೊಳೆಗಳಿಗೆ ನೇತುಹಾಕಿದ ಕಂದು ಕಾಗದದ ಅಚ್ಚುಗಳು. ಚಿಕ್ಕಕ್ಕ ಓರಗಿತ್ತಿಗೆ ಏನೋ ಹೇಳಿ ನಗುತ್ತಿದ್ದವರು, ನನ್ನ ನೆರಳು ಹೊಸ್ತಿಲ ಮೇಲೆ ಬಿದ್ದದ್ದೇ ತಡ, ಡಬ್ಬಿಗೆ ಕೈಹಾಕಿ ಸೂಜಿಗಳನ್ನು ತುಟಿಗಿಟ್ಟುಕೊಂಡರು. ಎದುರಿಗೆ ಚುಚ್ಚಲು ಬಟ್ಟೆಯೇ ಇರಲಿಲ್ಲ. ಆಗ ನನಗೆ ಅರ್ಥವಾಯಿತು: ಆ ಸೂಜಿಗಳು ಬಾಗಿಲಿಗೆ ಹಾಕಿದ ಅಗುಳಿ.

"ಅಮ್ಮಾ, ಅವತ್ತು ನಾನು ಹಾಗೆ ತಿದ್ದಬಾರದಿತ್ತು. ತಪ್ಪಾಯ್ತು" ಎಂದೆ.

ಚಿಕ್ಕಕ್ಕ ಸೂಜಿಗಳ ಸಂದಿಯಿಂದಲೇ ಮನೆಮಾತಿನಲ್ಲಿ ಸರಸರನೆ ಏನೋ ಅಂದರು. ದೊಡ್ಡಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಏನಂತೆ?"

"ಬೇಡಿ ಮೇಷ್ಟ್ರೇ, ಬಿಡಿ."

"ಪರವಾಗಿಲ್ಲ, ಹೇಳಿ."

"ಮೇಷ್ಟ್ರು ನನ್ನ ಬಾಯಿ ಹೊಲಿಗೆ ಬಿಚ್ಚೋಕೆ ಬಂದ್ರಾ, ಇಲ್ಲ ಇನ್ನೆರಡು ಹಾಕಿ ಹೋಗೋಕೆ ಬಂದ್ರಾ, ಕೇಳು ಅಂತಿದ್ದಾಳೆ. ಇವಳ ಬಾಯಿ ನಿಮಗೆ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಇವಳು ಬಾಯಿ ಬಿಟ್ರೆ ಉಳಿದೋರು ಮುಚ್ಕೋಬೇಕು!"

ನಾನೂ ನಕ್ಕೆ, ಆದರೆ ಮಾತು ನಾಟಿತು. ನನ್ನ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಮುದುಡಿ ಕುಳಿತವರು ಈ ಚಿಕ್ಕಕ್ಕನಾಗಿರಲಿಲ್ಲ. ಮನೆಯಲ್ಲಿ ಹತ್ತು ಜನರನ್ನು ನಗಿಸುವವರು ಬೇರೆ ಮಾತಿನ ನಡುವೆ ಬಂದು ನಿಂತಾಗ ಏಳು ವರ್ಷದ ಮಗುವಿನಷ್ಟೇ ಹೇಳಲು ಶಕ್ತರು. ತಾನು ಅಷ್ಟೇ ಎಂದು ಎದುರಿನವರು ತಿಳಿದುಬಿಟ್ಟರೆ? ಅದಕ್ಕಿಂತ ಮೂಗಿ ಎನಿಸಿಕೊಳ್ಳುವುದೇ ಮೇಲು ಎಂದು ಅವರು ನಿರ್ಧರಿಸಿದ್ದರು. ಇದನ್ನು ಯಾವ ಪಾಠಪುಸ್ತಕವೂ ನನಗೆ ಹೇಳಿರಲಿಲ್ಲ.

ದೊಡ್ಡಕ್ಕನ ಮೂಲಕ ಇನ್ನೂ ಒಂದು ಮಾತು ಬಂತು. "ಮಾತನ್ನ ಹೊಲಿದು, ಗುಂಡಿ ಹಾಕಿ, ಇಸ್ತ್ರಿ ಮಾಡಿ ಕೊಡೋಣ ಅಂತ ಕೂತಿರ್ತಾಳಂತೆ. ಅಷ್ಟರಲ್ಲಿ ಗಿರಾಕಿನೇ ಎದ್ದು ಹೋಗಿರ್ತಾರಂತೆ."

"ಹೊಲಿಯೋ ಮುಂಚೆ ಉದ್ದುದ್ದ ದಾರ ಹಾಕಿ ಕಚ್ಚಾ ಹೊಲಿಗೆಯಲ್ಲೇ ಗಿರಾಕಿಗೆ ತೊಡಿಸಿ ನೋಡ್ತೀರಲ್ಲಾ, ಆಗ ಯಾರಾದ್ರೂ ನಗ್ತಾರಾ?" ಎಂದೆ ನಾನು.

ಚಿಕ್ಕಕ್ಕ ಸೂಜಿಗಳನ್ನು ಒಂದೊಂದಾಗಿ ತೆಗೆದರು. ನನ್ನ ಕಡೆ ನೋಡದೆ, ಊರಮಾತಿನಲ್ಲಿ, "ಇಲ್ಲ" ಎಂದರು.

"ಹಾಗಾದ್ರೆ ಒಪ್ಪಂದ. ನೀವು ಕಚ್ಚಾ ಮಾತೇ ಆಡಿ. ನಾನು ಒಂದಕ್ಷರ ತಿದ್ದಲ್ಲ. ಬೇಕಾದ್ರೆ ಸೂಜಿಗಳನ್ನ ನಾನು ಬಾಯಲ್ಲಿ ಇಟ್ಕೊಂಡು ಕೂತ್ಕೋತೀನಿ."

ಅವರು ಮತ್ತೆ ತರಗತಿಗೆ ಬಂದರು. ಎರಡು ಮಾತು, ಮೂರು ಮಾತು. ತರಗತಿಯಲ್ಲಿ ಬಂದದ್ದು ಅಂಗಡಿಯಲ್ಲಿ ಬರುತ್ತಿರಲಿಲ್ಲ. ಗಿರಾಕಿಯ ಹೆಜ್ಜೆ ಸಪ್ಪಳ ಕೇಳಿದರೆ ಕೈ ತಾನಾಗಿ ಡಬ್ಬಿಗೆ ಹೋಗುತ್ತಿತ್ತು. ಎರಡು ತಿಂಗಳಾಯಿತು. ದೊಡ್ಡಕ್ಕ ಪೆಟ್ಟಿಗೆ ತುಂಬತೊಡಗಿದರು. ಮಿಷನ್ನುಗಳನ್ನು ನೋಡಲು ಪಕ್ಕದ ಬೀದಿಯ ದರ್ಜಿಯೊಬ್ಬರು ಬಂದು, ಪೆಡಲು ತುಳಿದು ನೋಡಿ, "ಚೆನ್ನಾಗಿ ಇಟ್ಕೊಂಡಿದ್ದೀರಿ" ಎಂದು ಹೇಳಿ ಹೋದರು. ಆ ದಿನ ಚಿಕ್ಕಕ್ಕ ಒಂದು ಗುಂಡಿಯ ಕಾಜವನ್ನು ನಾಲ್ಕು ಸಲ ಬಿಚ್ಚಿ ಹೊಲಿದರಂತೆ.

ಮುಂದೆ ನಡೆದದ್ದನ್ನು ನಾನು ಕಣ್ಣಾರೆ ಕಾಣಲಿಲ್ಲ. ಸಂಬಂಧಪಟ್ಟ ಇಬ್ಬರಿಂದಲೂ ಕೇಳಿದ್ದೇನೆ, ಇಬ್ಬರೂ ಒಂದೇ ಹೇಳಿದ್ದಾರೆ.

ನಮ್ಮ ಬೀದಿಯ ಹಲ್ಲಿನ ಡಾಕ್ಟರಮ್ಮ ತಮ್ಮ ತಾಯಿ ಇಟ್ಟಿದ್ದ ಉಣ್ಣೆಯ ಬಟ್ಟೆ ಕೊಟ್ಟು ಕೋಟು ಹೊಲಿಯಲು ಹೇಳಿದ್ದರು. ಅಳತೆ ನೋಡಲು ಬರಬೇಕಿದ್ದ ದಿನದ ಮರುದಿನವೇ ಸಭೆಯೊಂದರಲ್ಲಿ ಅದನ್ನು ತೊಟ್ಟು ಅವರು ಭಾಷಣ ಮಾಡಬೇಕು. ದೊಡ್ಡಕ್ಕ ಎರಡು ದಿನದ ಮಟ್ಟಿಗೆ ಮಗಳ ಊರಿಗೆ ಮನೆ ನೋಡಲು ಹೋಗಿದ್ದರು. ಸಾಮಾನ್ಯವಾಗಿ ಬಟ್ಟೆಯನ್ನು ಜೋಡಿ ಮಡಚಿ ಎರಡೂ ತೋಳುಗಳನ್ನು ಒಟ್ಟಿಗೆ ಕತ್ತರಿಸುತ್ತಾರೆ. ಬಟ್ಟೆ ಸಾಲದೆಂದು ಚಿಕ್ಕಕ್ಕ ಅದನ್ನು ಒಂಟಿ ಪದರವಾಗಿ ಹಾಸಿ, ಒಂದು ತೋಳು ಕತ್ತರಿಸಿ, ಕಾಗದದ ಅಚ್ಚನ್ನು ಮಗುಚುವುದನ್ನು ಮರೆತು ಹಾಗೆಯೇ ಇನ್ನೊಂದನ್ನೂ ಕತ್ತರಿಸಿಬಿಟ್ಟಿದ್ದರು. ಬೆಳಿಗ್ಗೆ ಕಚ್ಚಾ ಹೊಲಿಗೆ ಹಾಕಿದಾಗ ನೋಡುತ್ತಾರೆ, ಎರಡೂ ಎಡತೋಳು! ಬಟ್ಟೆಯ ಹೊರಮೈ ನುಣುಪು, ಒಳಮೈ ಒರಟು. ತಿರುಗಿಸಿ ಹಚ್ಚುವ ಹಾಗಿಲ್ಲ. ಬೇರೆ ತುಂಡೂ ಇಲ್ಲ.

ಡಾಕ್ಟರಮ್ಮ ಬರಲು ಒಂದು ಗಂಟೆ ಇತ್ತು. ಆ ಗಂಟೆಯೆಲ್ಲ ಚಿಕ್ಕಕ್ಕ ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಹೊಲಿದರು, ಬಿಚ್ಚಿದರು, ಮತ್ತೆ ಹೊಲಿದರು. ಡಾಕ್ಟರಮ್ಮ ಒಳಗೆ ಬಂದರು. ಸೂಜಿಗಳು ತುಟಿಗೇರಿದವು. ಬಾಯಿ ಬಿಡದೆ ಕೋಟನ್ನು ತೊಡಿಸಿಯೇಬಿಟ್ಟರು.

ಡಾಕ್ಟರಮ್ಮ ಕನ್ನಡಿಯ ಮುಂದೆ ಬಲಗೈ ಎತ್ತಲು ನೋಡಿದರು. ತೋಳು ತಿರುಚಿಕೊಂಡಿತು.

"ಎಲ್ಲೋ ಎಳೀತಾ ಇದೆ… ನಿಮ್ಮ ತಪ್ಪಲ್ಲ ಬಿಡಿ. ಈ ಭುಜಕ್ಕೆ ಹಿಂದೆ ಪೆಟ್ಟು ಬಿದ್ದಿತ್ತು, ಸೊಟ್ಟಗಾಗಿದೆ. ಯಾವ ಬಟ್ಟೆ ತಾನೇ ಕೂರುತ್ತೆ ಈ ಮೈ ಮೇಲೆ!" ಎಂದು ಅವರು ಪೆಚ್ಚಾಗಿ ಕೋಟು ಕಳಚಲು ಹೊರಟರು.

ತನ್ನ ಕತ್ತರಿಯ ತಪ್ಪನ್ನು ಇನ್ನೊಬ್ಬರ ಮೈಮೇಲೆ ಹೊರಿಸಿ ಸುಮ್ಮನಿರುವುದು ಚಿಕ್ಕಕ್ಕನಿಂದ ಆಗಲಿಲ್ಲ. ಸೂಜಿಗಳನ್ನು ಅಂಗೈಗೆ ಉಗುಳಿದರು.

"ಭುಜ ಸರಿ! ಭುಜ ಚೆನ್ನಾಗಿದೆ. ತಪ್ಪು… ನಾನು. ಅಚ್ಚು ತಿರುಗಿಸು ಮರೆತೆ. ತೋಳು ಎರಡು. ಎರಡೂ ಎಡ." ಉಸಿರೆಳೆದುಕೊಂಡರು. "ನಿಮಗೆ ಎರಡು ಎಡಗೈ ಇದ್ರೆ… ಕೋಟು ಬಹಳ ಚೆಂದ."

ಡಾಕ್ಟರಮ್ಮ ಕನ್ನಡಿಯಲ್ಲಿ ಎರಡೂ ತೋಳುಗಳನ್ನು ನೋಡಿಕೊಂಡರು. ಆಮೇಲೆ ಎಷ್ಟು ನಕ್ಕರೆಂದರೆ ಕಚ್ಚಾ ಹೊಲಿಗೆಯ ದಾರ ಎರಡು ಕಡೆ ಕಿತ್ತುಬಂತು.

"ಅಯ್ಯೋ, ನೀವು ಮಾತಾಡ್ತೀರಾ! ಇಷ್ಟು ವರ್ಷ ಒಂದು ಮಾತೂ ಆಡಿಲ್ವಲ್ರೀ!"

"ಹದಿನೆಂಟು ವರ್ಷ ನಾನು ಕೇಳಿದೆ. ಇನ್ನು ನೀವು ಕೇಳಿ."

ಊರಮಾತಿನಲ್ಲಿ ಚಿಕ್ಕಕ್ಕ ಯಾರನ್ನಾದರೂ ನಗಿಸಿದ್ದು ಅದೇ ಮೊದಲು. ನಗಿಸಿದ ಮೇಲೆ ಉಳಿದದ್ದು ಹಗುರವಾಯಿತು. ಸೀಮೆಸುಣ್ಣ ಹಿಡಿದು, ಕೈಯಲ್ಲಿ ತೋರಿಸಿ, ಸಿಗದ ಪದಕ್ಕೆ ಇನ್ನೊಂದು ಪದ ತೇಪೆ ಹಾಕಿ ವಿವರಿಸಿದರು. ತಪ್ಪಾದ ತೋಳನ್ನು ಮೇಲಿನಿಂದ ಹೊಸದಾಗಿ ಕತ್ತರಿಸಿದರೆ ಅದು ಬಲತೋಳಾಗುತ್ತದೆ, ಆದರೆ ನಾಲ್ಕು ಬೆರಳು ಗಿಡ್ಡ. ಎರಡೂ ತೋಳುಗಳನ್ನು ಅಷ್ಟಕ್ಕೇ ಇಳಿಸಿ ಕೊನೆಗೆ ಅಗಲವಾದ ಕಪ್ಪು ಪಟ್ಟಿ ಕೊಡುವುದು, ಕೊರಳಪಟ್ಟಿಗೂ ಅದೇ ಕಪ್ಪು. ಸಂಜೆಗೆ ಸಿದ್ಧ.

"ನೋಡೋರು ಬೇಕಂತ ಮಾಡಿಸಿದ್ದು ಅನ್ಕೋತಾರಾ?"

"ಅನ್ಕೋತಾರೆ. ನೀವು ಹೇಳಬೇಡಿ. ನಾನು ಹೇಗೂ… ಮೂಗಿ."

ಡಾಕ್ಟರಮ್ಮ ಮತ್ತೆ ನಕ್ಕರು. ನಗುವಾಗ ಚಿಕ್ಕಕ್ಕನ ಬಾಯಿ ನೋಡಿ ಹತ್ತಿರ ಬಂದರು. "ಎಲ್ಲಿ, ತೆರೀರಿ. ಮುಂದಿನ ಹಲ್ಲಿಗೆ ಕಚ್ಚು ಬಿದ್ದಿದೆಯಲ್ರೀ! ಸೂಜಿ ಕಚ್ಚಿ ಕಚ್ಚಿ ಸವೆದಿದೆ. ಇನ್ಮೇಲೆ ಒಂದು ಸೂಜಿ ಬಾಯಿಗೆ ಹೋದ್ರೆ ನನ್ನ ಹತ್ರ ಬರಬೇಡಿ, ಹೇಳಿದೀನಿ."

ಮುಂದಿನ ತರಗತಿಯಲ್ಲಿ ಚಿಕ್ಕಕ್ಕ ಇದನ್ನೆಲ್ಲ ತಾವೇ ಎದ್ದು ನಿಂತು ಹೇಳಿದರು, ಡಾಕ್ಟರಮ್ಮನ ಭುಜ ಅಭಿನಯಿಸಿ, ಕಾಲು ಗಂಟೆ. ಹನ್ನೊಂದು ತಪ್ಪು ಇದ್ದವು. ಎಣಿಸಿದ್ದೂ ತಪ್ಪೇ, ಹಳೆಯ ಚಟ. ನಲ್ಲಿ ರಿಪೇರಿಯವನು ಬೆಂಚು ತಟ್ಟಿ ನಗುತ್ತಿದ್ದ. ಅಲ್ಲಿಂದ ಮುಂದೆ ಅವನೂ ಕಚ್ಚಾ ಮಾತು ಆಡತೊಡಗಿದ.

ದೊಡ್ಡಕ್ಕ ಹೊರಡುವ ವಾರ ನಾನು ಅವತ್ತು ನೆಪಕ್ಕೆ ಕೊಟ್ಟಿದ್ದ ಪ್ಯಾಂಟು ತರಲು ಹೋಗಿದ್ದೆ. ಚಿಕ್ಕಕ್ಕನ ಮಣಿಕಟ್ಟಿನಲ್ಲಿ ಹತ್ತಿ ತುಂಬಿದ ಕೆಂಪು ದಿಂಬೊಂದು, ಕೈಗಡಿಯಾರದಂತೆ; ಸೂಜಿಗಳೆಲ್ಲ ಅದರಲ್ಲಿ ನಿಂತಿದ್ದವು. ನಾನು ಕನ್ನಡಿಯ ಮುಂದೆ ಉಸಿರು ಬಿಗಿಹಿಡಿದು ನಿಂತೆ.

"ಮೇಷ್ಟ್ರೇ, ಹೊಟ್ಟೆ ಬಿಡಿ. ಇಲ್ಲಿ ಎಳ್ಕೊಂಡ್ರೆ ಮನೇಲಿ ಗುಂಡಿ ಹಾರುತ್ತೆ."

ಅಷ್ಟರಲ್ಲಿ ಪಕ್ಕದ ಬೀದಿಯ ದರ್ಜಿ ಬಾಗಿಲಲ್ಲಿ ಕಾಣಿಸಿಕೊಂಡರು. ಮಿಷನ್ನುಗಳನ್ನು ಯಾವಾಗ ಸಾಗಿಸಲಿ ಎಂದು ದೊಡ್ಡಕ್ಕನನ್ನು ಕೇಳಿದರು. ದೊಡ್ಡಕ್ಕ ಬಾಯಿ ತೆರೆದರು. ಮತ್ತೆ ಮುಚ್ಚಿ, ಓರಗಿತ್ತಿಯ ಕಡೆ ತಿರುಗಿದರು.

ಚಿಕ್ಕಕ್ಕನ ಕೈ ಅಭ್ಯಾಸಬಲದಿಂದ ಮೇಜಿನ ಡಬ್ಬಿಯವರೆಗೆ ಹೋಯಿತು. ಡಬ್ಬಿ ಬರಿದಾಗಿತ್ತು. ಆ ಕೈಯಿಂದಲೇ ಅಳತೆಪಟ್ಟಿ ಎತ್ತಿಕೊಂಡರು.

"ಮಿಷನ್ನು ಕೊಡಲ್ಲ. ಅಂಗಡಿ ನಡೆಸ್ತೀನಿ" ಎಂದರು. ಆಮೇಲೆ ದರ್ಜಿಯವರನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. "ಆದ್ರೆ ಬಂದಿದ್ದೀರಿ, ಸುಮ್ಮನೆ ಹೋಗಬೇಡಿ. ಆ ಅಂಗಿ… ನೀವೇ ಹೊಲಿದಿದ್ದಾ? ಬಿಚ್ಚಿ ಕೊಡಿ. ಸರಿ ಮಾಡ್ತೀನಿ."