ಏಳರ ಪಕ್ಕದ ನಿಂಬೆಹಣ್ಣು

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಬಿ.ಎಸ್ಸಿ., ಅದರಲ್ಲಿ ಸಂಖ್ಯಾಶಾಸ್ತ್ರ ಒಂದು ವಿಷಯ. ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ಜೆ.ಪಿ. ನಗರದ ಒಂದು ಮನೆಯ ಮಹಡಿ ಮೇಲಿದ್ದ ಕಂಪನಿ ನನ್ನನ್ನು ಟೆಸ್ಟಿಂಗ್, ಅಂದರೆ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ಕೆಲಸಕ್ಕೆ ತೆಗೆದುಕೊಂಡಿತು. ಹೊರಗೆ ಬೋರ್ಡೇ ಇರಲಿಲ್ಲ. ನನಗೆ ಅಂದಿನಿಂದಲೇ ಗುಮಾನಿ. ಒಳಗೆ ತಯಾರಾಗುತ್ತಿದ್ದದ್ದು ಹೊರದೇಶದವರು ಇಂಟರ್ನೆಟ್ಟಿನಲ್ಲಿ ಆಡುವ ಜೂಜು.

ಮೂರು ತಿಂಗಳು ಟ್ರೈನಿಂಗ್. ಅದು ಮುಗಿಯುವುದರೊಳಗೆ ಸ್ಲಾಟ್ ತಂಡವೋ ಟೇಬಲ್ ತಂಡವೋ ಎಂದು ನಾವೇ ಬರೆದುಕೊಡಬೇಕು. ಸ್ಲಾಟ್ ಎಂದರೆ ಗುಂಡಿ ಒತ್ತಿದರೆ ಅಂಕಿ, ಹಣ್ಣುಗಳ ಚಿತ್ರವಿರುವ ಮೂರು ಚಕ್ರ ತಿರುಗಿ ನಿಲ್ಲುವ ಆಟ. ಮೂರರಲ್ಲೂ ಏಳು ಬಂದರೆ ಗೆದ್ದಂತೆ. ಟೇಬಲ್ ಎಂದರೆ ಇಸ್ಪೀಟಿನಾಟಗಳು. ಸ್ಲಾಟ್ ಬರೆದುಕೊಟ್ಟರೆ ಕೆಲಸ ಖಾತ್ರಿ. ಟೇಬಲ್‌ನಲ್ಲಿ ಖಾಲಿ ಇದ್ದದ್ದು ಒಂದೇ ಜಾಗ, ಅದು ಸಿಗದಿದ್ದರೆ ಮನೆಗೆ.

ಎರಡನೇ ತಿಂಗಳು ನನ್ನನ್ನು ಸ್ಲಾಟ್‌ಗೆ ಕೂರಿಸಿದರು. ದಿನವಿಡೀ ಒತ್ತುವುದು, ಬರೆಯುವುದು. ಮೊದಲೆರಡು ಚಕ್ರದಲ್ಲಿ ಏಳು ನಿಂತಾಗ ಬಹಳ ಸಲ ಮೂರನೆಯದರಲ್ಲಿ ಏಳು ಕಣ್ಣೆದುರೇ ಬಂದು, ಒಂದೇ ಮನೆ ಜಾರಿ, ಪಕ್ಕದ ನಿಂಬೆಹಣ್ಣು ನಿಲ್ಲುತ್ತಿತ್ತು. ಒಂದೆರಡು ಸಲ ನಾನೇ ಛೆ ಎಂದು ಮತ್ತೆ ಒತ್ತಿದೆ. ಆಮೇಲೆ ಅನುಮಾನ ಬಂತು. ನಾಲ್ಕು ದಿನ ಗೀಟೆಳೆದು ಎಣಿಸಿದೆ. ಆ ನಿಂಬೆಹಣ್ಣು ತನ್ನ ಸರದಿಗಿಂತ ಮೂರು ಪಟ್ಟು ಬರುತ್ತಿತ್ತು! ಕಾಲೇಜಿನಲ್ಲಿ ಕಲಿತದ್ದು ಕೊನೆಗೂ ಉಪಯೋಗಕ್ಕೆ ಬಂತೆಂದು ಹಿಗ್ಗಿ, ದೊಡ್ಡ ದೋಷವೆಂದು ವರದಿ ಬರೆದೆ.

ನಮ್ಮ ಟೀಮ್ ಲೀಡರ್ ಕರೆಸಿದರು. "ಏನಮ್ಮಾ, ಗೋಲ್ಡ್ ಮೆಡಲ್ಲಾ ನೀನು?"

"ಇಲ್ಲ ಸಾರ್, ಫಸ್ಟ್ ಕ್ಲಾಸು."

"ಇದು ಬಗ್ ಅಲ್ಲ. ಬೇಕಂತಲೇ ಹಾಗೆ ಮಾಡಿರೋದು. ಸ್ವಲ್ಪದ್ರಲ್ಲಿ ತಪ್ಪೋಯ್ತು ಅನ್ಸಿದ್ರೆ ತಾನೇ ಜನ ಇನ್ನೊಂದ್ಸಲ ಒತ್ತೋದು?"

"ಮೋಸ ಅಲ್ವಾ ಸಾರ್?"

"ಎಷ್ಟು ಸಲ ಗೆಲ್ಬೇಕೋ ಅಷ್ಟು ಗೆಲ್ತಾರೆ. ಸೋಲು ಹೆಂಗೆ ಕಾಣ್ಬೇಕು ಅನ್ನೋದು ನಮ್ಮಿಷ್ಟ. ನಿನ್ ಕಣ್ಣು ಚೆನ್ನಾಗಿದೆ, ಸ್ಲಾಟ್‌ಗೇ ಬಾ. ನಾಳೇನೇ ಲೆಟರ್ ಕೊಡಿಸ್ತೀನಿ."

ಹೊಗಳಿದ್ದು ನಿಜವೋ, ಬಾಯಿ ಮುಚ್ಚಿಸಲೋ, ತಿಳಿಯಲಿಲ್ಲ.

ಅಮ್ಮ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಕೆಲಸ ಮಾಡುತ್ತಿದ್ದಳು. ಹೊಲಿಗೆ ತಪ್ಪಿದ ಕಡೆ ಸ್ಟಿಕ್ಕರ್ ಹಚ್ಚಿ ಅಂಗಿ ವಾಪಸ್ ಕಳಿಸುವುದು. ಅಂದು ಸಂಜೆ ಅವಳನ್ನೇ ಕೇಳಿದೆ: "ನೀನು ಸ್ಟಿಕ್ಕರ್ ಹಚ್ಚಿದ್ದನ್ನ ಸೂಪರ್‌ವೈಸರ್ ಕಿತ್ತು, ಪಾಸ್ ಮಾಡು ಅಂದ್ರೆ?"

"ದಿನಾ ಅಂತಾನೆ."

"ಏನ್ಮಾಡ್ತೀಯಾ?"

"ಪಾಸ್ ಮಾಡ್ತೀನಿ ಕಣೇ. ನಾನೇನು ಡಿಗ್ರಿ ಓದಿದೀನಾ?" ಎಂದು ಸೊಪ್ಪು ಬಿಡಿಸುತ್ತ ಕೂತಳು.

ಮಾರನೆಯ ದಿನ ಟೇಬಲ್ ಎಂದು ಬರೆದುಕೊಟ್ಟೆ. ಲೀಡರ್ ನಕ್ಕರು. "ಅಲ್ಲೂ ಕೊನೆಗೆ ಸೋಲೋದು ಆಡೋನೇ, ಗೊತ್ತು ತಾನೇ?"

"ಗೊತ್ತು ಸಾರ್. ಅಲ್ಲಾದ್ರೆ ಐವತ್ತೆರಡು ಎಲೆ ಇದ್ಯಾ ಅಂತ ಎಣಿಸಬಹುದು."

ಹತ್ತು ದಿನ ಯಾರೂ ಏನೂ ಹೇಳಲಿಲ್ಲ. ನಾನು ಬೇರೆ ಕಂಪನಿಗಳಿಗೆ ಅರ್ಜಿ ಟೈಪು ಮಾಡಿಸಿಟ್ಟುಕೊಂಡೆ. ಹನ್ನೊಂದನೇ ದಿನ ಟೇಬಲ್ಲಿನ ಆ ಜಾಗ ನನಗೇ ಎಂದರು.

ಹೊಸ ಕುರ್ಚಿಯಲ್ಲಿ ಕೂತವಳು ಮೊದಲು ಮಾಡಿದ್ದು ಒಂದೇ ಕೆಲಸ. ಕಟ್ಟಿನ ಎಲೆಗಳನ್ನೆಲ್ಲ ಪರದೆಯ ಮೇಲೆ ಒಂದೊಂದಾಗಿ ಬಿಡಿಸಿದೆ. ಐವತ್ತೆರಡೂ ಸರಿಯಾಗಿದ್ದವು. ನಂಬಿಕೆ ಬರಲಿಲ್ಲ, ಮತ್ತೆ ಕಲೆಸಿ, ಮೊದಲಿಂದ ಎಣಿಸಿದೆ.