ಸಾಲಿ ಕಂಪ್ಯೂಟರ್ ನೆನಪಿಟ್ಟ ಮಾತು

ಓದೋ ಎಲ್ಲಾರಿಗೂ ನಮಸ್ಕಾರ್ರಿ. ನಾ ಹತ್ತನೇ ಕ್ಲಾಸ್ ಪಾಸ್ ಆಗಿದ್ದು ಎರಡು ಮಕ್ಕಳಾದ ಮ್ಯಾಲ, ಗೋಕಾಕದಾಗ ಹೊರಗಿಂದ ಪರೀಕ್ಷಾ ಕಟ್ಟಿ. ಒಂದ ಬೆರಳಲೆ ಒತ್ತಿ ಒತ್ತಿ ಬರ್ಯಾಕತ್ತೇನಿ. ತಪ್ಪಿದ್ದಲ್ಲೆ ನೀವ ಸರಿ ಮಾಡ್ಕೊಂಡು ಓದ್ರಿ, ಸಿಟ್ಟಾಗಬ್ಯಾಡ್ರಿ.

ನಮ್ಮೂರು ಮೂಡಲಗಿ ಕಡೆ ಮಸಗುಪ್ಪಿ. ಕೆಲಸ ಹುಕ್ಕೇರಿ ತಾಲೂಕಿನ ಒಂದು ಹೈಸ್ಕೂಲಿನ್ಯಾಗ ಸಿಪಾಯಿ. ಕಂಪ್ಯೂಟರ್ ಖೋಲಿ ಕೀಲಿ ನನ್ನ ಕಡೆನ ಇರತೈತಿ. ಧೂಳ ಒರಸೂದು, ಚಾಲೂ ಮಾಡೂದು, ಬೆಲ್ ಆದಮ್ಯಾಲ ಬಂದ್ ಮಾಡೂದು.

ಆ ಕಂಪ್ಯೂಟರ್ ಬಂದಾಗ, ಅಕೌಂಟ್ ತಗ್ಯಾಕ ಮೊಬೈಲ್ ನಂಬರ್ ಬೇಕಂದ್ರು. ಮಕ್ಕಳ ಕಡೆ ಎಲ್ಲಿ ಮೊಬೈಲ್? ಹೆಡ್‌ಮಾಸ್ತರು, "ನಂದ ಹಾಕಿ ಬಿಡ್ರಿ" ಅಂದ್ರು. ಅವರ ಒಂದ ಅಕೌಂಟು ಎಲ್ಲಾ ಕಂಪ್ಯೂಟರಿಗೂ ಹಾಕಿದ್ವಿ. ನಮ್ಮ ಕಡೆ ಇದೇನು ಹೊಸಾದಲ್ಲ. ಒಂದ ನಂಬರಿನ ಮ್ಯಾಲ ಓಣಿ ತುಂಬ ಗ್ಯಾಸ್ ಬುಕ್ ಮಾಡೋ ಮಂದಿ ನಾವು.

ಒಂಬತ್ತನೇ ಕ್ಲಾಸಿನ್ಯಾಗ ಒಂದು ಹುಡುಗಿ ಇತ್ತು. ದೀಪಾವಳಿ ಸೂಟಿ ಮುಗಿಸಿ ಬರೂದರಾಗ ಆಕಿನ್ನ ಸ್ವಾದರಮಾವಗ, ಅಂದ್ರ ಅವ್ವನ ಖಾಸ ತಮ್ಮಗ, ಕೊಡೂದು ಗಟ್ಟಿ ಆಗಿತ್ತು. ಗೆಳತ್ಯಾರು ಕಾಡತಿದ್ರು. "ಏನ್ರೀ ಮಾಮಿಯವರ, ಹೋಂವರ್ಕ್ ನಿಮ್ಮ ಮಾಮಾ ಮಾಡಿ ಕೊಟ್ಟಾರೇನ್ರಿ?" ಆಕಿನೂ ನಗತಿದ್ಲು. ನಕ್ಕೋತ ಪುಸ್ತಕದಾಗ ಮಾರಿ ಹಾಕತಿದ್ಲು.

ಒಂದಿನ ವಿಜ್ಞಾನದ ಪಾಠಕ್ಕ ಏನೋ ಹುಡುಕಾಕ ಎಲ್ಲಾರನ್ನೂ ಕಂಪ್ಯೂಟರ್ ಖೋಲಿಗೆ ಕಳಿಸಿದ್ರು. ಆ ಹುಡುಗಿ ಬಾಜೂದಾಕಿನ್ನ ಕೇಳಿದ್ಲು, "ಇದರಾಗ ಹುಡುಕಿದ್ದು ಯಾರಿಗರ ಕಾಣತೈತೇನ?"

"ಮೂಲ್ಯಾಗಿನ ಗುಣಾಕಾರದ ಗುರುತು ಒತ್ತು, ಎಲ್ಲಾ ಹೋಗತೈತಿ."

ಸಾಲ್ಯಾಗ ಎಲ್ಲಾರೂ ಹಂಗ ತಿಳಕೊಂಡಿದ್ವಿ, ಹೆಡ್‌ಮಾಸ್ತರು ಸುದ್ದಾ. ಹುಡುಗಿ ಇಂಗ್ಲಿಷ್ ಅಕ್ಷರದಾಗ ಕನ್ನಡಾನ ಬರದ್ಲು. ಆಕಿನೂ ನನ್ನಂಗ ಒಂದ ಬೆರಳಿನಾಕಿ. ನಾ ಹಿಂದ ವೈರ್ ಸರಿ ಮಾಡಾಕತ್ತಿದ್ದೆ, ಓದಾಕ ಬಂತು. "ಮದವಿ ಬ್ಯಾಡಾಗಿದ್ರ ಯಾರಿಗೆ ಹೇಳಬೇಕು, ಒಂಬತ್ತನೇ ಕ್ಲಾಸ್ ಹುಡುಗಿ" ಅಂತ ಇತ್ತು. ನಮ್ಮ ಸಾಲಿ ನೆಟ್ಟು ಸಾವಕಾಶ. ಪೇಜ್ ಬರೂದರಾಗ ಬೆಲ್ ಆತು. ಆಕಿ ಗುಣಾಕಾರ ಒತ್ತಿ ಎದ್ದು ಹೋದ್ಲು.

ಅದ ವಾರ ಸಾಲಿ ಕಮಿಟಿ ಮೀಟಿಂಗ್ ಇತ್ತು. ಆ ಹುಡುಗಿ ದೊಡ್ಡಪ್ಪನೂ ಕಮಿಟ್ಯಾಗ ಅದಾನು. ನಾ ಚಾ ಕೊಡಾಕತ್ತಿದ್ದೆ. ಹೊಸಾ ಬೆಂಚು ಎಂಥಾವು ತರೂದು ಅಂತ ಮಾತು ಬಂತು. ಹೆಡ್‌ಮಾಸ್ತರು, "ತಡೀರಿ, ಫೋಟೋ ತೋರಸತೇನಿ" ಅಂತ ತಮ್ಮ ಮೊಬೈಲಿನ್ಯಾಗ ಹುಡುಕೋ ಜಾಗಾ ಒತ್ತಿದ್ರು. ಬೆಂಚು ಬರೂಕಿಂತ ಮದಲ ಹಿಂದ ಹುಡುಕಿದ್ದೆಲ್ಲಾ ಕೆಳಗ ಇಳೀತು. ಬಾಜೂಕ ಕುಂತ ದೊಡ್ಡಪ್ಪ ಬಗ್ಗಿ ಆ ಮದವಿ ಮಾತನ್ನ ಒಂದೊಂದ ಅಕ್ಷರ ಕೂಡಿಸಿ ಜೋರಾಗಿ ಓದಿದ.

"ಇದೇನ್ರಿ ಸರ್, ನಿಮ್ಮ ಫೋನಿನ್ಯಾಗ?"

"ಸಾಲಿ ಕಂಪ್ಯೂಟರಿಂದಿರಬೇಕ್ರಿ. ಎಲ್ಲಾ ಒಂದ ಅಕೌಂಟು."

"ಒಂಬತ್ತನೇ ಕ್ಲಾಸಿನ್ಯಾಗ ಮದವಿ ಗಟ್ಟಿ ಆಗಿದ್ದು ನಮ್ಮ ಹುಡುಗೀದ ಒಂದಲ್ರಿ?"

ದೊಡ್ಡಪ್ಪ ಚಾ ಪೂರಾ ಕುಡದು, ಕಪ್ಪು ಇಟ್ಟು ಎದ್ದು ಹೋದ.

ಮರದಿನ ಹುಡುಗಿ ಬರಲಿಲ್ಲ. ನಾ ಹೆಡ್‌ಮಾಸ್ತರಿಗೆ, "ಸರ್, ಬಾಲ್ಯವಿವಾಹ ತಡಿಯೋ ಆಫೀಸಿಗೆ ತಿಳಸೂಣಲ್ರಿ" ಅಂದೆ. "ಕಮಿಟಿ ಅವರದ ಐತಿ. ನಾಳೆ ಹೆಣಮಕ್ಕಳನ್ನ ಸಾಲಿಗೇ ಕಳಸೂದಿಲ್ಲಂದ್ರ ಏನ್ ಮಾಡ್ತಿ?" ಅಂದ್ರು. ಅವರ ಮಾತೂ ಸುಳ್ಳಲ್ಲ. ನಾನ ಹುಕ್ಕೇರಿ ಆಫೀಸಿಗೆ ಹೋಗಿ ಹೇಳಿ ಬಂದೆ. ಅವರು ಜೀಪ್ ತಗೊಂಡು ಬಂದಾಗ ಮನ್ಯಾಗ ಹುಡುಗಿ ಇರಲಿಲ್ಲ. ಗೋಕಾಕ ಕಡೆ ಅಜ್ಜಿ ಊರಿಗೆ ಕಳಿಸಿ ಬಿಟ್ಟಿದ್ರು. ಮದವಿ ಅಲ್ಲೇ ಮನಿ ಒಳಗ ಆತಂತ. ಪೆಂಡಾಲಿಲ್ಲ, ಬ್ಯಾಂಡಿಲ್ಲ.

ಆಮ್ಯಾಲ ಒಬ್ಬರು ಹೊಸಾ ಮೇಡಂ ಬಂದ್ರು. ಹುಡುಕಾಕ ಎಲ್ಲಾರೂ ಬಳಸೂದ ಒಂದಲ್ಲ, ಬ್ಯಾರೇ ಸರ್ಚ್ ಇಂಜಿನ್ನೂ ಅದಾವ ಅಂತ ಅವರು ಹೇಳಿದಮ್ಯಾಲ ನಮಗ ಗೊತ್ತಾತು. ಅಕೌಂಟ್ ಕೇಳಲಾರದ್ದು ಐತಿ, ನೀವು ಹುಡುಕಿದ್ದನ್ನ ಇಟ್ಟುಕೊಳ್ಳಲಾರದ್ದು ಐತಿ. ಸಣ್ಣ ಮಕ್ಕಳಿಗಂತ ಹೊಲಸು ಸೋಸಿ ಕೊಡೂದೂ ಐತಿ. ಮೇಡಂ ಹೇಳಿದಂಗ ನಾ ಹೆಡ್‌ಮಾಸ್ತರ ಅಕೌಂಟ್ ತಗದು, ಎಲ್ಲಾ ಕಂಪ್ಯೂಟರಿಗೂ ನೆನಪಿಡಲಾರದ್ದನ್ನ ಹಾಕಿದೆ. "ಕಾಕಾರ, ಇದರಾಗ ಕನ್ನಡ ಕಡಿಮಿ ಸಿಗತೈತ್ರಿ" ಅಂತ ಹುಡುಗ್ರು ಗೊಣಗತಾರ. ಖರೇನ ಐತಿ. ಗೊಣಗಲಿ ಬಿಡ್ರಿ.

ಮನ್ನೆ ಗೋಕಾಕ ಬಸ್‌ಸ್ಟ್ಯಾಂಡಿನ್ಯಾಗ ಆ ಹುಡುಗಿ ಸಿಕ್ಲು. ಕೊಳ್ಳಾಗ ತಾಳಿ, ಕೈಯಾಗ ಕಾಯಿಪಲ್ಲೆ ಚೀಲಾ. ಅಜ್ಜಿ, ಈಗ ಆಕೀನ ಅತ್ತಿ, ಮೂಡಲಗಿ ಬಸ್ಸಿನ ದಾರಿ ನೋಡಾಕತ್ತಿದ್ಲು. ಹುಡುಗಿ ನನ್ನ ಕಡೆ ಬಂದು ಸಣ್ಣ ದನಿಲೆ ಕೇಳಿದ್ಲು.

"ಕಾಕಾರ, ಅವತ್ತ ಪೇಜ್ ಬರೂದರಾಗ ಬೆಲ್ ಆತಲ್ರಿ. ಏನ್ ಉತ್ರ ಬರತಿತ್ರಿ?"

ಆ ಮಾತು ನಾ ಆಮ್ಯಾಲ ಹುಡುಕಿ ನೋಡಿದ್ದೆ. ಮಕ್ಕಳ ಸಹಾಯವಾಣಿ ನಂಬರ್ ಬರತಿತ್ತವಾ, ಅದಕ್ಕ ಫೋನ್ ಮಾಡಬೇಕಾಗಿತ್ತು ಅಂದೆ.

"ನಂಬರ್ ಭಾಳ ಉದ್ದ ಇತ್ತೇನ್ರಿ?"

"ಇಲ್ಲವಾ. ಸಣ್ಣದು."

ಬಸ್ ಬಂತು, ಅಜ್ಜಿ ಕರದ್ಲು. ಹುಡುಗಿ ಚೀಲಾ ಇನ್ನೊಂದು ಕೈಗೆ ಬದಲ ಮಾಡಿ ಬಸ್ ಹತ್ತಿದ್ಲು.

ನಿಮ್ಮೂರ ಸಾಲಿ ಕಂಪ್ಯೂಟರಿಗೆ ಯಾರ ಅಕೌಂಟ್ ಹಾಕ್ಯಾರ, ಒಮ್ಮೆ ಕೇಳಿ ನೋಡ್ರಿ. ಇಂಥಾದ್ದು ನೀವೂ ಕಂಡಿದ್ರ ಬರದು ತಿಳಸ್ರಿ. ಮಕ್ಕಳ ಹೆಸರು ಮಾತ್ರ ಬರೀಬ್ಯಾಡ್ರಿ.