ಮೊನೆ ನೋಡದೆ ಎಸೆದ ಮುಳ್ಳು

ಎಪ್ಪತ್ತೆಂಟರ ದೀಪಾವಳಿಯ ಪಾಡ್ಯದಂದು ನನ್ನ ಬಲಗಾಲಿಗೆ ಜಾಲಿಮುಳ್ಳು ಚುಚ್ಚಿತು. ಅಂದು ನಾವು ಕುರಿಗಳಿಗೆ ಪೂಜೆ ಮಾಡುತ್ತೇವೆ. ಹಟ್ಟಿಯೊಳಗೆ ಚಪ್ಪಲಿ ಮೆಟ್ಟುವಂತಿಲ್ಲ. ಮುಳ್ಳು ಕಿತ್ತು ಬೇಲಿಯಾಚೆ ಎಸೆದೆ.

"ಮುಳ್ಳು ತೋರ್ಸು," ಅಂದ ಅಪ್ಪ.

ನಮ್ಮ ಮಹಾಗಾಂವದ ಕುರಿಗಾರರು ಕಿತ್ತ ಮುಳ್ಳನ್ನು ಅಂಗೈಯಲ್ಲಿಟ್ಟು, ಮೊನೆ ಇದೆಯೇ ಎಂದು ನೋಡಿಯೇ ಎಸೆಯುವುದು. ನಾನು ಗಡಹಿಂಗ್ಲಜದ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವವನು. ನಾಲ್ಕಕ್ಷರ ಕಲಿತ ಸೊಕ್ಕು. "ಒಗದ್ನಿ ಬಿಡಪಾ, ಅದರಾಗೇನೈತಿ," ಅಂದೆ.

ವಾರದಲ್ಲಿ ಪಾದ ಬಾತಿತು. ಕೀವು. ಜ್ವರ. ಗಾಯ ಮಾಯಿತು ಅನ್ನುವಷ್ಟರಲ್ಲಿ ಮತ್ತೆ ಕೀವು. ಜನವರಿಯಲ್ಲಿ ಕೊಲ್ಲಾಪುರದ ಆಸ್ಪತ್ರೆಯಲ್ಲಿ ಅಡ್ಮಿಟ್ ಆದೆ. ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದರು. "ಗುರುಜಿ, ಆತ್ ಕಾಹೀ ನಾಹೀ." ಒಳಗೆ ಏನೂ ಇಲ್ಲ. ಆದರೆ ಸೋಂಕು ಎಲುಬಿಗೆ ಇಳಿದಿರಬಹುದು ಎಂದರು.

ಪಾದ ತೆಗೆಯಬೇಕಾದೀತು ಎಂದೂ ಅಂದರು.

ಸುಳ್ಳೇಕೆ ಹೇಳಲಿ, ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ. ಮಂಚದ ಪಕ್ಕ ಕೂತಿದ್ದ ಅಪ್ಪನಿಗೆ ಸಮಾಧಾನ ಹೇಳಲು ಬರುವುದಿಲ್ಲ. "ಸಾಲ್ಯಾಗ ಏನ್ ಹೇಳಾಕತ್ತಿದ್ದಿ? ನನಗರೆ ಹೇಳು," ಅಂದ.

ಅರ್ಧಕ್ಕೆ ನಿಂತದ್ದು ಇಟಲಿಯ ಪಾಠ. ಹೇಳಿದೆ. ಚೂರುಚೂರಾಗಿದ್ದ ದೇಶ ಒಂದಾಗಿ, ರೋಮ್ ನಮ್ಮ ರಾಜಧಾನಿ ಎಂದು ಸಾರಿಬಿಟ್ಟಿತು. ಆದರೆ ರೋಮ್ ಇನ್ನೂ ಪೋಪರ ಕೈಯಲ್ಲಿತ್ತು, ಕಾವಲಿಗೆ ಫ್ರಾನ್ಸಿನ ಸೈನ್ಯ.

"ಕೂಸು ಹುಟ್ಟೂಕಿಂತ ಮೊದಲ ಕುಲಾಯಿ ಹೊಲಿಸಿದಂಗಾತು," ಅಂದ ಅಪ್ಪ.

ರೋಮ್ ಇಲ್ಲವೇ ಸಾವು ಎಂದು ಕೆಂಪಂಗಿಯ ಸೇನಾಪತಿಯೊಬ್ಬ ದಂಡು ಕಟ್ಟಿಕೊಂಡು ಹೊರಟ. ಫ್ರಾನ್ಸಿನೊಡನೆ ಜಗಳ ಬಂದೀತೆಂದು ಹೆದರಿ ಅವನದೇ ದೇಶದ ಸೈನ್ಯ ಅವನಿಗೆ ಗುಂಡು ಹೊಡೆಯಿತು. ಗುಂಡು ಪಾದಕ್ಕೇ ತಾಗಿತ್ತು. ಎಕ್ಸ್‌ರೇ ಇಲ್ಲದ ಕಾಲ; ಅದು ಒಳಗಿದೆ, ಇಲ್ಲ ಎಂದು ಡಾಕ್ಟರರು ವಾರಗಟ್ಟಲೆ ವಾದಿಸಿದರು. ಕಾಲು ಕತ್ತರಿಸೋಣ ಎಂದವರೂ ಇದ್ದರು. ಕೊನೆಗೆ ತುದಿಗೆ ಪಿಂಗಾಣಿಯಿದ್ದ ಕಡ್ಡಿಯನ್ನು ಗಾಯದೊಳಗೆ ಇಳಿಸಿದರು. ಪಿಂಗಾಣಿಗೆ ಗುಂಡಿನ ಸೀಸದ ಗುರುತು ಹತ್ತಿತು. ಗುಂಡು ತೆಗೆದರು, ಕಾಲು ಉಳಿಯಿತು.

ಮರುದಿನ ರೌಂಡ್ಸಿಗೆ ಬಂದ ಡಾಕ್ಟರನ್ನು ಅಪ್ಪ ತಡೆದು ನಿಲ್ಲಿಸಿದ. "ಸಾಹೇಬ್ರ, ಗುಂಡಾದ್ರ ಫೋಟೋದಾಗ ಕಾಣತೈತಿ. ಮುಳ್ಳು ಕಾಣತೈತೇನ್ರಿ?" ನಾನು ನಾಚುತ್ತ ಮರಾಠಿಯಲ್ಲಿ ತಿಳಿಸಿದೆ.

ಡಾಕ್ಟರು ಎಕ್ಸ್‌ರೇಯನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದರು. "ಲಾಕೂಡ ದಿಸತ್ ನಾಹೀ, ಬಾಬಾ." ಕಟ್ಟಿಗೆಯಂಥದ್ದು ಅದರಲ್ಲಿ ಕಾಣುವುದಿಲ್ಲ.

ಅಪ್ಪ ಕುರಿಯ ಗೊರಸು ನೋಡುವ ಹಾಗೆ ನನ್ನ ಪಾದ ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿನಿಂದ ಒತ್ತುತ್ತ ಹೋದ. ಒಂದು ಕಡೆ ನಾನು ಚೀರಿದೆ.

"ಇಲ್ಲೈತ್ರಿ."

ಪುಣ್ಯಾತ್ಮ ಡಾಕ್ಟರು ಸಿಟ್ಟಾಗಲಿಲ್ಲ. ಮೊದಲು ಅಲ್ಲಿ ತೆರೆದು ನೋಡೋಣ ಎಂದರು. ಸಿಕ್ಕಿದ್ದು ಜೀರಿಗೆಯಷ್ಟು ಉದ್ದದ ಕಪ್ಪು ಮೊನೆ. ಅಪ್ಪ ಅದನ್ನು ಅಂಗೈಯಲ್ಲಿಟ್ಟು ಹೊರಳಿಸಿ ನೋಡಿದ, ಆಮೇಲೆ ಕಿಟಕಿಯಿಂದ ಎಸೆದ.

ಮಾರ್ಚಿಗೆ ಕೋಲು ಹಿಡಿದು ವರ್ಗಕ್ಕೆ ಹೋದೆ. ಸಂಜೆಯಾದರೆ ಪಾದ ಈಗಲೂ ನೋಯುತ್ತದೆ. ಅಂದು ನನ್ನ ಚೀಲ ಹೊತ್ತು ಬಂದಿದ್ದ ಅಪ್ಪ ಹಿಂದಿನ ಬೆಂಚಿನಲ್ಲಿ ಕೂತೇಬಿಟ್ಟ. ಪಾಠ ಮುಗಿಸಿದೆ. ಫ್ರಾನ್ಸಿನ ಸೈನ್ಯ ಬೇರೆ ಯುದ್ಧಕ್ಕೆ ಹೋದಾಗ ಇಟಲಿಯವರು ಕೋಟೆಗೋಡೆ ಒಡೆದು ರೋಮ್ ಹಿಡಿದರು.

"ಕೆಂಪಂಗಿಯವ ಇದ್ನೇನು ಅವರ ಜೋಡಿ?" ಹಿಂದಿನಿಂದ ಅಪ್ಪನ ದನಿ.

"ಇರ್ಲಿಲ್ಲಪಾ. ರೋಮ್ ಅವನ ಕೈಯಿಂದ ಆಗ್ಲಿಲ್ಲ."

"ಹೋಗ್ಲಿ ಬಿಡು. ಕಾಲರೆ ಉಳೀತಲ್ಲ."

ಮಕ್ಕಳು ನಕ್ಕರು. ನಾನು ಕೋಲನ್ನು ಮೇಜಿಗೆ ಒರಗಿಸಿ, ಎರಡೂ ಕಾಲ ಮೇಲೆ ನಿಂತು, ಮುಂದಿನ ಪಾಠ ತೆಗೆದೆ.